ಪಂದ್ಯದಲ್ಲಿ ಆಡಿದ ಸಾಮಾನಿಗೆ ಆಟಗಾರರ ಸಹಿ: ಯಾವ ದಾರಿ ಹಿಡಿಯಬೇಕು?

ಅಂಗಡಿಯಿಂದ ತಂದ ಹೊಸ ಚೆಂಡಿಗೆ ಸಹಿ ಹಾಕಿಸುವುದರಲ್ಲಿ ತಲೆನೋವು ಕಡಿಮೆ. ಶಾಯಿ ಹರಡಿತು, ಪೆನ್ನು ಜಾರಿತು ಅಂದರೆ ಇನ್ನೊಂದು ಚೆಂಡು ತಂದರಾಯಿತು. ಪಂದ್ಯದಲ್ಲಿ ಆಡಿದ ಸಾಮಾನು ಹಾಗಲ್ಲ. ಆ ಚೆಂಡು, ಆ ಗ್ಲೌಸ್, ಆ ಜರ್ಸಿ ಇರುವುದು ಒಂದೇ ಒಂದು. ಅದರ ಮೇಲಿನ ಗೀರು, ಕಲೆ, ಬೆವರಿನ ಅಚ್ಚು ಎಲ್ಲವೂ ಆ ದಿನದ ಆಟಕ್ಕೆ ಸಾಕ್ಷಿ. ಸಹಿ ಆಮೇಲೆ ಬಂದು ಕೂರುವ ನೆಂಟ. ನೆಂಟರಿಗೆ ಜಾಗ ಕೊಡೋಣ, ಆದರೆ ಮನೆಯವರನ್ನು ಎಬ್ಬಿಸಿ ಕೊಡುವುದು ಬೇಡ.

ಹಾಗಾಗಿ ಕೆಳಗೆ ಯಾವ ದಾರಿಯನ್ನು ಹೊಗಳಿದ್ದೇನೆ, ಯಾವುದನ್ನು ಬೇಡ ಅಂದಿದ್ದೇನೆ ಎನ್ನುವುದಕ್ಕೆ ನನ್ನ ಅಳತೆಗೋಲು ಒಂದೇ. ಪೆನ್ನು ಸಾಮಾನನ್ನು ಮುಟ್ಟುವ ಹೊತ್ತಿನಲ್ಲಿ ಸಹಿಯ ಜಾಗ ಮತ್ತು ಶಾಯಿ ಎರಡೂ ನಿಮ್ಮ ಹಿಡಿತದಲ್ಲಿ ಇರುತ್ತವೆಯೇ?

ಸಹಿ ಬೇಕಾ, ಬೇಡವಾ?

ಈ ಪ್ರಶ್ನೆಯನ್ನು ತುಂಬಾ ಜನ ಕೇಳಿಕೊಳ್ಳುವುದೇ ಇಲ್ಲ. ಸಹಿ ಇದ್ದರೆ ಬೆಲೆ ಜಾಸ್ತಿ ಎಂದು ಸುಮ್ನೆ ನಂಬಿಬಿಡುತ್ತಾರೆ. ಆದರೆ ಇಂಥ ಸಾಮಾನು ಕೂಡಿಡುವವರ ಲೋಕದ ಅತಿ ದೊಡ್ಡ ಮಾರಾಟಗಳನ್ನು ನೋಡಿ. ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರೂತ್ 1932ರ ವರ್ಲ್ಡ್ ಸೀರೀಸ್‌ನ (ಅಲ್ಲಿನ ಬೇಸ್‌ಬಾಲ್ ಫೈನಲ್ ಸರಣಿ) ಮೂರನೇ ಪಂದ್ಯದಲ್ಲಿ ತೊಟ್ಟಿದ್ದ ಜರ್ಸಿ 2024ರ ಆಗಸ್ಟ್‌ನಲ್ಲಿ 2.4 ಕೋಟಿ ಡಾಲರ್‌ಗೂ ಹೆಚ್ಚಿಗೆ ಹರಾಜಾಯಿತು. ಅದೇ ಜರ್ಸಿ 2005ರಲ್ಲಿ ಹೋಗಿದ್ದು 9 ಲಕ್ಷ 40 ಸಾವಿರ ಡಾಲರ್‌ಗೆ. ನಡುವೆ ಆಟಗಾರನ ಸಹಿಯೇನೂ ಹೊಸದಾಗಿ ಬಂದಿರಲಿಲ್ಲ, ಬರುವ ಹಾಗೂ ಇರಲಿಲ್ಲ. ಅದು ಇಂಥದ್ದೇ ಪಂದ್ಯದ್ದು ಎಂದು ಹಳೆಯ ಫೋಟೋಗಳ ಜೊತೆ ಹೋಲಿಸಿ ಗಟ್ಟಿಮಾಡಿದ್ದೇ ದೊಡ್ಡ ಬದಲಾವಣೆ. ಹೊಲಿಗೆ ಎಲ್ಲಿ ವಾಲಿದೆ, ಅಕ್ಷರ ಗುಂಡಿಯ ಸಾಲಿಗೆ ಎಷ್ಟು ಹತ್ತಿರ ಇದೆ ಎಂಬಂಥ ಸಣ್ಣಸಣ್ಣ ಗುರುತುಗಳೇ ಇಂಥ ಕೆಲಸದಲ್ಲಿ ಮಾತಾಡುವುದು. ಇದಕ್ಕೆ ಫೋಟೋ ಮ್ಯಾಚಿಂಗ್ ಅನ್ನುತ್ತಾರೆ.

ಮರಡೋನಾ 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತೊಟ್ಟಿದ್ದ ಅಂಗಿಯ ಕತೆಯೂ ಇದೇ. ಪಂದ್ಯ ಮುಗಿದ ಮೇಲೆ ಅದನ್ನು ಬದಲಾಯಿಸಿಕೊಂಡವರು ಇಂಗ್ಲೆಂಡಿನ ಸ್ಟೀವ್ ಹಾಡ್ಜ್. 2022ರಲ್ಲಿ ಅದು ಹರಾಜಿಗೆ ಬಂದಾಗ, ಇದು ಗೋಲು ಹೊಡೆದ ಎರಡನೇ ಅರ್ಧದ ಅಂಗಿಯಲ್ಲ, ಮೊದಲ ಅರ್ಧದ್ದು ಎಂದು ಮರಡೋನಾ ಮನೆಯವರೇ ತಕರಾರು ಎತ್ತಿದರು. ಹರಾಜಿನವರು ಫೋಟೋ ಮ್ಯಾಚಿಂಗ್ ಮಾಡಿಸಿದ್ದನ್ನು ಮುಂದಿಟ್ಟರು. ಅಂಗಿ 71 ಲಕ್ಷ ಪೌಂಡ್‌ಗೆ ಹೋಯಿತು. ಆ ಬೆಲೆಗೆ ಆಧಾರ ಅಂಗಿಯ ಗುರುತುಗಳೇ.

ಹಾಗಂತ ಸಹಿಯೇ ಬೇಡ ಎನ್ನುತ್ತಿಲ್ಲ. ನನಗಂತೂ ಸಹಿ ಇರುವ ಸಾಮಾನು ಇಷ್ಟ. ಆ ಮನುಷ್ಯ ಆಮೇಲೊಂದು ದಿನ ತನ್ನದೇ ಬ್ಯಾಟನ್ನು ಮತ್ತೆ ಕೈಗೆ ತೆಗೆದುಕೊಂಡ ಎನ್ನುವುದೇ ಒಂದು ಖುಷಿ. ಆದರೆ ಲೆಕ್ಕ ಹೀಗಿಟ್ಟುಕೊಳ್ಳಿ. ನಿಮ್ಮ ಸಾಮಾನಿಗೆ ಫೋಟೋ ಮ್ಯಾಚಿಂಗ್ ಇನ್ನೂ ಆಗಿಲ್ಲ, ಆದರೆ ಆಗುವ ಸಾಧ್ಯತೆ ಇದೆ ಅಂದರೆ ಮೊದಲು ಅದನ್ನು ಮಾಡಿಸಿ, ಸಹಿ ಆಮೇಲೆ. ಸಾಮಾನಿನ ತುಂಬಾ ಆಟದ ಗುರುತುಗಳೇ ಇವೆ, ಸಹಿಗೆ ಖಾಲಿ ಜಾಗವೇ ಇಲ್ಲ ಅಂದರೆ ಸಹಿ ಬಿಟ್ಟುಬಿಡಿ. ಉಳಿದ ಕಡೆ ಧೈರ್ಯವಾಗಿ ಹಾಕಿಸಬಹುದು.

ಎರಡು ಸರ್ಟಿಫಿಕೇಟ್, ಎರಡು ಬೇರೆ ಮಾತು

ದಾರಿಗಳನ್ನು ಹೋಲಿಸುವ ಮೊದಲು ಇದೊಂದು ಸ್ಪಷ್ಟವಾಗಿರಲಿ. ಸಾಮಾನು ಅಸಲಿ ಎನ್ನುವುದು ಒಂದು ಮಾತು. ಸಹಿ ಅಸಲಿ ಎನ್ನುವುದು ಇನ್ನೊಂದು. ಪಿಎಸ್‌ಎ, ಜೆಎಸ್‌ಎ, ಬೆಕೆಟ್‌ನಂಥ ಸಂಸ್ಥೆಗಳು ಸಹಿ ನೋಡಿ ಅಂಟಿಸುವ ಸ್ಟಿಕರ್ ಸಹಿಯ ಬಗ್ಗೆ ಮಾತ್ರ ಹೇಳುತ್ತದೆ. ಜರ್ಸಿ ಮೈದಾನ ಕಂಡಿದೆಯೋ ಇಲ್ಲವೋ ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ. ಅಸಲಿ ಸಹಿ ಇರುವ ಹೊಸ ಜರ್ಸಿಗೆ ಮಣ್ಣು ಮೆತ್ತಿ ಆಡಿದ್ದು ಎಂದು ಮಾರಿದರೆ ಆ ಸ್ಟಿಕರ್ ನಿಮ್ಮನ್ನು ಕಾಪಾಡಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ‘ಗೇಮ್ ಯೂಸ್ಡ್’ (ಪಂದ್ಯದಲ್ಲಿ ಆಡಿದ್ದು) ಬೇರೆ, ‘ಟೀಮ್ ಇಶ್ಯೂಡ್’ ಬೇರೆ. ಎರಡನೆಯದು ಆಟಗಾರನಿಗೆಂದು ತಂಡ ತಯಾರು ಮಾಡಿಸಿದ್ದು, ಆದರೆ ಅವನು ತೊಟ್ಟು ಆಡಿರಲೇಬೇಕು ಅಂತಿಲ್ಲ. ಲೇಬಲ್, ಅಳತೆ, ಹೊಲಿಗೆ ಎಲ್ಲವೂ ಒಂದೇ ಥರ ಇರುವುದರಿಂದ ಮೋಸ ಹೋಗುವುದು ಸುಲಭ.

ಸಹಿಯ ಮೋಸ ಎಷ್ಟು ದೊಡ್ಡದು ಎಂದು ತಿಳಿಯಲು ಅಮೆರಿಕದ ಎಫ್‌ಬಿಐ ನಡೆಸಿದ ‘ಆಪರೇಷನ್ ಬುಲ್‌ಪೆನ್’ ನೆನಪಿಸಿಕೊಂಡರೆ ಸಾಕು. 1990ರ ದಶಕದಲ್ಲಿ ನಡೆದ ಆ ತನಿಖೆಯಲ್ಲಿ ಮದರ್ ತೆರೆಸಾ ಸಹಿ ಇರುವ ಬೇಸ್‌ಬಾಲ್ ಚೆಂಡುಗಳೂ ಸಿಕ್ಕಿದ್ದವು. ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ತನ್ನ ತಂಡದ ಅಂಗಡಿಯಲ್ಲೇ ತನ್ನ ಹೆಸರಿನ ನಕಲಿ ಸಹಿಗಳನ್ನು ಗುರುತಿಸಿದ್ದರು. ಅಷ್ಟಾದ ಮೇಲೆ 2001ರಲ್ಲಿ ಅಲ್ಲಿನ ದೊಡ್ಡ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ಸಾಮಾನು ಅಸಲಿ ಎಂದು ಗಟ್ಟಿಮಾಡುವ ತನ್ನದೇ ವ್ಯವಸ್ಥೆ ಶುರು ಮಾಡಿತು. ಈಗ ಪ್ರತಿ ಪಂದ್ಯಕ್ಕೂ ಒಬ್ಬರಾದರೂ ಸಾಕ್ಷಿಗಾರರು ಹಾಜರಿರುತ್ತಾರೆ. ಇವರು ಪೊಲೀಸ್ ಕೆಲಸದಲ್ಲಿ ಇರುವವರು ಅಥವಾ ಅಲ್ಲಿಂದ ನಿವೃತ್ತರಾದವರು. ಮೈದಾನದಿಂದ ಸಾಮಾನು ಹೊರಬರುವುದನ್ನು ಕಣ್ಣಾರೆ ಕಂಡರೆ ಮಾತ್ರ ನಂಬರ್ ಇರುವ ಹೊಲೊಗ್ರಾಂ ಅಂಟಿಸುತ್ತಾರೆ. ನೋಡದ್ದಕ್ಕೆ ಅಂಟಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಸಾಕ್ಷಿ ಅಂದರೆ ಹೀಗಿರಬೇಕು.

ಕೈಯಿಂದ ಕೈಗೆ: ಮೈದಾನದ ಹೊರಗೆ, ಅಭ್ಯಾಸದ ಹೊತ್ತಿನಲ್ಲಿ

ದುಡ್ಡು ಬೇಡದ ದಾರಿ ಇದು. ಆಟಗಾರರು ನಿಮ್ಮ ಮುಂದೆಯೇ ಸಹಿ ಹಾಕುತ್ತಾರೆ, ಆದ್ದರಿಂದ ಸಹಿ ಅಸಲಿಯಾ ಎಂಬ ಅನುಮಾನ ನಿಮಗಿರುವುದಿಲ್ಲ. ಆದರೆ ಆಡಿದ ಸಾಮಾನಿನ ಮಟ್ಟಿಗೆ ಈ ದಾರಿ ನನಗೆ ಅಷ್ಟು ಹಿಡಿಸಿಲ್ಲ. ಜನ ನುಗ್ಗುತ್ತಿರುತ್ತಾರೆ. ಆಟಗಾರ ನಡೆಯುತ್ತಲೇ ಸಹಿ ಹಾಕುತ್ತಾರೆ. ಕೈಯಲ್ಲಿ ಯಾರದ್ದೋ ಪೆನ್ನು ಇರುತ್ತದೆ, ಅದೇ ಪೆನ್ನಿನಲ್ಲಿ ನಿಮ್ಮದಕ್ಕೂ ಗೀಚಿ ಮುಂದೆ ಹೋಗುತ್ತಾರೆ.

ನನ್ನ ಹತ್ತಿರ ಹೀಗೆ ಸಿಕ್ಕ ಸಹಿಯ ಒಂದು ಕೆಂಪು ಕ್ರಿಕೆಟ್ ಚೆಂಡು ಇದೆ. ಒಂದು ಕಡೆ ಉಜ್ಜಿ ಉಜ್ಜಿ ಹೊಳಪು ಬಂದಿದೆ. ಇನ್ನೊಂದು ಕಡೆ ಚರ್ಮ ಒರಟಾಗಿ ಎದ್ದಿದೆ. ಬೌಲರ್ ಸಹಿ ಹಾಕಿದ್ದು ಒರಟು ಬದಿಗೆ, ಅದೂ ಪಕ್ಕದವರು ಚಾಚಿದ ಕಪ್ಪು ಮಾರ್ಕರ್‌ನಲ್ಲಿ. ಅವತ್ತು ಚೆನ್ನಾಗೇ ಕಂಡಿತ್ತು. ಒರಟು ಚರ್ಮ ಶಾಯಿಯನ್ನು ನಿಧಾನವಾಗಿ ಹೀರಿಕೊಂಡಿತು. ಈಗ ಅಕ್ಷರಗಳ ಅಂಚು ಕರಗಿ ಕಡುಗೆಂಪಿನಲ್ಲಿ ಒಂದು ಮಬ್ಬು ಕಲೆಯ ಹಾಗೆ ನಿಂತಿದೆ. ಹೊಳಪಿನ ಬದಿಯನ್ನು ಮೇಲೆ ಮಾಡಿ, ಬೆಳ್ಳಿ ಬಣ್ಣದ ಪೇಂಟ್ ಪೆನ್ ಕೊಟ್ಟಿದ್ದರೆ ಇವತ್ತಿಗೂ ಓದಬಹುದಿತ್ತು.

ಈ ದಾರಿಯಲ್ಲೇ ಹೋಗುವುದಾದರೆ ಒಂದು ಉಪಾಯ ಮಾಡಿ. ಚೆಂಡನ್ನು ಸಹಿ ಬೇಕಾದ ಜಾಗ ಮೇಲೆ ಬರುವಂತೆ ಮೊದಲೇ ಹಿಡಿದುಕೊಳ್ಳಿ. ಮುಚ್ಚಳ ತೆಗೆದ ಪೆನ್ನನ್ನು ಇನ್ನೊಂದು ಕೈಯಲ್ಲಿ ಚಾಚಿ. ಕೊಟ್ಟ ಪೆನ್ನನ್ನೇ ಆಟಗಾರರು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಸಹಿ ಹಾಕುವುದನ್ನು ಜೊತೆಗಿದ್ದವರು ವಿಡಿಯೊ ಮಾಡಿಕೊಂಡರೆ ಮುಂದೆ ಸಹಿ ಪರೀಕ್ಷೆಗೆ ಹೋದಾಗ ಬೆಂಬಲವಾಗುತ್ತದೆ.

ದುಡ್ಡು ಕೊಟ್ಟು ಮೇಜಿನ ಮುಂದೆ: ಸಹಿಯ ಕಾರ್ಯಕ್ರಮ

ನನ್ನ ಮೊದಲ ಆಯ್ಕೆ ಇದೇ. ಟಿಕೆಟ್ ಇರುತ್ತದೆ, ಸಾಲು ಇರುತ್ತದೆ, ಆಟಗಾರ ಕುರ್ಚಿಯಲ್ಲಿ ಕೂತಿರುತ್ತಾರೆ. ಗಟ್ಟಿಯಾದ ಮೇಜು ಇರುತ್ತದೆ. ಕೈ ಅಲ್ಲಾಡದೆ ಸಹಿ ಹಾಕಲು ಇದಕ್ಕಿಂತ ಇನ್ನೇನು ಬೇಕು? ಜಾಗ ತೋರಿಸಬಹುದು, ಪೆನ್ನು ನೀವೇ ಕೊಡಬಹುದು. ಎಷ್ಟೋ ಕಡೆ ಸಹಿ ಪರೀಕ್ಷಿಸುವ ಸಂಸ್ಥೆಯ ಪ್ರತಿನಿಧಿ ಪಕ್ಕದಲ್ಲೇ ಇರುತ್ತಾರೆ. ಹಾಗಿದ್ದರೆ ನಿಮಗೆ ಸಿಗುವುದು ‘ಸಹಿ ನೋಡಿದ್ದೇವೆ’ ಎನ್ನುವ ಸಾಕ್ಷಿ. ‘ಅಸಲಿ ಎಂದು ನಮ್ಮ ಅಭಿಪ್ರಾಯ’ ಎನ್ನುವುದಕ್ಕಿಂತ ಅದರ ತೂಕ ಜಾಸ್ತಿ.

ಇನ್ನೊಂದು ಲಾಭ ಇದೆ, ನನಗೆ ಅದೇ ದೊಡ್ಡದು. ಸಾಮಾನಿನ ಬಗ್ಗೆ ಆಟಗಾರರ ಜೊತೆ ಒಂದೆರಡು ಮಾತಾಡಬಹುದು. ಒಮ್ಮೆ ನಿವೃತ್ತ ಬ್ಯಾಟ್ಸ್‌ಮನ್ ಒಬ್ಬರ ಮುಂದೆ ಅವರದೇ ಹಳೆಯ ಬ್ಯಾಟ್ ಇಟ್ಟೆ. ಅವರು ಸಹಿಗೆ ಮುಂಚೆ ಪೆನ್ನನ್ನು ಬದಿಗಿಟ್ಟರು. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿದರು. ಗ್ರಿಪ್‌ನ ತುದಿಯಲ್ಲಿ ಸುತ್ತಿದ್ದ ಟೇಪಿನ ಮೇಲೆ ಹೆಬ್ಬೆರಳು ಓಡಿಸಿದರು. ‘ಈ ಟೇಪ್ ನಾನೇ ಸುತ್ತಿದ್ದು, ಕೆಳಗಿನ ಕೈ ಜಾರುತ್ತೆ ಅಂತ’ ಎಂದರು. ಆ ಮಾತು ಯಾವ ಸರ್ಟಿಫಿಕೇಟ್‌ನಲ್ಲೂ ಬರುವುದಿಲ್ಲ. ಮನೆಗೆ ಬಂದು ಹಳೆಯ ಫೋಟೋಗಳಲ್ಲಿ ಆ ಟೇಪನ್ನೇ ಹುಡುಕಿದೆ. ಸಿಕ್ಕಿತು.

ಹಾಗಂತ ಆಟಗಾರರ ನೆನಪನ್ನೇ ಪೂರ್ತಿ ನಂಬಿ ಕೂರುವಂತಿಲ್ಲ. ಒಬ್ಬ ಆಟಗಾರ ಎಷ್ಟೋ ಬ್ಯಾಟುಗಳಲ್ಲಿ, ಎಷ್ಟೋ ಜರ್ಸಿಗಳಲ್ಲಿ ಆಡಿರುತ್ತಾನೆ. ‘ನನ್ನದೇ ಇರಬೇಕು’ ಎಂದರೆ ಅದು ಸುಳಿವು ಮಾತ್ರ. ಆದರೆ ‘ಇದು ನನ್ನದಲ್ಲ’ ಎಂದರೆ ಗಂಭೀರವಾಗಿ ತೆಗೆದುಕೊಳ್ಳಿ. ಇದಕ್ಕೆ ಸಂಬಂಧಿಸಿದ ಇನ್ನೊಂದು ವಿಷಯ ಎಂದರೆ ಸಾಮಾನು ನಿಮ್ಮ ಕೈಗೆ ಹೇಗೆ ಬಂತು ಎನ್ನುವುದು. 2017ರ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ಮುಗಿದ ಮೇಲೆ ಆಟಗಾರ ಟಾಮ್ ಬ್ರೇಡಿಯ ಜರ್ಸಿ ಡ್ರೆಸ್ಸಿಂಗ್ ರೂಮಿನಿಂದಲೇ ಕಳುವಾಗಿ, ಮುಂದಿನ ತಿಂಗಳು ಮೆಕ್ಸಿಕೊದಲ್ಲಿ ಸಿಕ್ಕಿತ್ತು. ಯಾರಿಂದ ಕೊಂಡಿರಿ, ಅವರಿಗೆ ಎಲ್ಲಿಂದ ಬಂತು ಎಂಬ ಕಾಗದ ನಿಮ್ಮ ಹತ್ತಿರ ಇರಲಿ. ಆಟಗಾರರು ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳಿ.

ಈ ದಾರಿಯ ಕೊರತೆ ಎಂದರೆ ಖರ್ಚು. ಆಡಿದ ಸಾಮಾನಿಗೆ ಬೇರೆ ದರ, ಹೆಚ್ಚಿಗೆ ಬರೆಸಿದರೆ ಅದಕ್ಕೂ ಬೇರೆ ದರ ಇಡುವುದುಂಟು. ಟಿಕೆಟ್ ಕೊಳ್ಳುವ ಮುಂಚೆಯೇ ‘ಗೇಮ್ ಯೂಸ್ಡ್ ಬ್ಯಾಟ್ ತರುತ್ತಿದ್ದೇನೆ’ ಎಂದು ಹೇಳಿ ಕೇಳಿಕೊಳ್ಳಿ. ಬಾಗಿಲಲ್ಲಿ ಜಗಳ ಆಗುವುದು ಯಾರಿಗೂ ಬೇಡ ಅಲ್ವಾ?

ಕಳಿಸಿಕೊಟ್ಟು ಹಾಕಿಸುವುದು: ಖಾಸಗಿ ಸಹಿ

ಒಂದು ಕಂಪನಿ ಆಟಗಾರರನ್ನು ಒಂದು ದಿನಕ್ಕೆ ಗೊತ್ತುಮಾಡಿಕೊಳ್ಳುತ್ತದೆ. ನೀವು ಸಾಮಾನು ಕಳಿಸುತ್ತೀರಿ, ಅವರು ಸಹಿ ಹಾಕಿಸಿ ವಾಪಸ್ ಕಳಿಸುತ್ತಾರೆ. ದೂರದಲ್ಲಿರುವವರಿಗೆ ಇದೊಂದೇ ದಾರಿ ಆಗಿರಬಹುದು. ಒಳ್ಳೆಯ ಕಂಪನಿ ಆದರೆ ಸಾಕ್ಷಿಯ ಸ್ಟಿಕರ್ ಕೂಡ ಸಿಗುತ್ತದೆ.

ಆದರೆ ಇಲ್ಲಿ ನೀವು ಮೇಜಿನ ಮುಂದೆ ಇರುವುದಿಲ್ಲ. ನನ್ನ ಒಂದು ವಿಕೆಟ್‌ಕೀಪಿಂಗ್ ಗ್ಲೌಸ್‌ನಲ್ಲಿ ಅಂಗೈ ನಡುವೆ ಚೆಂಡು ಬಡಿದು ಬಡಿದು ರಬ್ಬರ್ ಸವೆದು ಒಂದು ಗುಂಡನೆಯ ಮಚ್ಚೆ ಆಗಿತ್ತು. ಗ್ಲೌಸ್‌ಗೆ ಜೀವ ಇದ್ದದ್ದೇ ಅಲ್ಲಿ. ಸಹಿ ಬಂದಿದ್ದು ಸರಿಯಾಗಿ ಆ ಮಚ್ಚೆಯ ಮೇಲೆ, ದಪ್ಪ ಮಾರ್ಕರ್‌ನಲ್ಲಿ. ಯಾರ ಮೇಲೂ ದೂರಿಲ್ಲ, ಎಲ್ಲಿ ಹಾಕಬೇಕು ಎಂದು ನಾನು ಬರೆದು ಕಳಿಸಿರಲಿಲ್ಲ. ಈಗ ಯಾವ ಸಾಮಾನು ಕಳಿಸಿದರೂ ಮೂರು ಕೆಲಸ ತಪ್ಪಿಸುವುದಿಲ್ಲ. ಸಹಿಯ ಜಾಗವನ್ನು ಸುಲಭವಾಗಿ ಕಿತ್ತು ಬರುವ ಕಾಗದದ ಚೀಟಿಯಿಂದ ತೋರಿಸುತ್ತೇನೆ, ಅಂಟು ಉಳಿಯುವ ಟೇಪ್ ಹಾಕುವುದಿಲ್ಲ. ಜಾಗದ ಫೋಟೋ ಪ್ರಿಂಟ್ ಮಾಡಿ, ‘ಇಲ್ಲಿ, ಈ ಬಣ್ಣದ ಪೆನ್ನಿನಲ್ಲಿ, ಈ ಗುರುತುಗಳನ್ನು ಮುಟ್ಟಬೇಡಿ’ ಎಂದು ಬರೆದು ಜೊತೆಗಿಡುತ್ತೇನೆ. ಪೆನ್ನನ್ನೂ ಕಳಿಸುತ್ತೇನೆ.

ಕೆಲವರ ವಿಷಯದಲ್ಲಿ ನಿಮ್ಮ ಆಯ್ಕೆ ಇನ್ನೂ ಕಡಿಮೆ. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಸಹಿಯ ಒಪ್ಪಂದ 1992ರಿಂದಲೂ ಅಪ್ಪರ್ ಡೆಕ್ ಕಂಪನಿಯ ಜೊತೆ ಇದೆ. ಇಂಥವರ ಸಹಿ ಬೇಕಾದರೆ ಒಪ್ಪಂದ ಇರುವ ಕಂಪನಿ ಹೊರಗಿನ ಸಾಮಾನು ತೆಗೆದುಕೊಳ್ಳುತ್ತದೆಯೇ ಎಂದು ಮೊದಲು ತಿಳಿಯಬೇಕು. ಎಷ್ಟೋ ಸಲ ಅವರೇ ಸಹಿ ಹಾಕಿಸಿ ಮಾರುವುದನ್ನು ಕೊಳ್ಳುವುದೇ ನೇರ ದಾರಿ.

ಅಂಚೆಯಲ್ಲಿ ಆಟಗಾರರಿಗೇ ಕಳಿಸುವುದು

ಕಾರ್ಡು, ಫೋಟೋ ಆದರೆ ಕಳಿಸಿ. ಆಡಿದ ಸಾಮಾನನ್ನು ದಯವಿಟ್ಟು ಕಳಿಸಬೇಡಿ. ವಾಪಸ್ ಬರುತ್ತದೆ ಎಂಬ ಭರವಸೆ ಇಲ್ಲ. ಬಂದರೂ ಸಹಿ ಯಾರು ಹಾಕಿದರು ಎಂದು ಗೊತ್ತಾಗುವುದಿಲ್ಲ. ಸಹಾಯಕರು, ಮನೆಯವರು, ಡ್ರೆಸ್ಸಿಂಗ್ ರೂಮಿನ ಹುಡುಗರು ದೊಡ್ಡ ಆಟಗಾರರ ಪರವಾಗಿ ಸಹಿ ಹಾಕುತ್ತಿದ್ದದ್ದು ಹಳೆಯ ಕಾಲದಿಂದಲೂ ಇದೆ. ಸಹಿ ಹಾಕುವ ಯಂತ್ರ ಆಟೋಪೆನ್ ಕೂಡ ಇದೆ.

ಸಹಿ ಸಮೇತ ಬರುವುದನ್ನೇ ಕೊಳ್ಳುವುದು

ತಂಡ, ಲೀಗ್ ಅಥವಾ ಆಟಗಾರರ ಸೇವಾ ಸಂಸ್ಥೆ ನಡೆಸುವ ಹರಾಜಿನಲ್ಲಿ ಸಾಮಾನು ಮೈದಾನದಿಂದ ನೇರ ಬರುತ್ತದೆ, ಸಹಿಯೂ ಆಗಿರುತ್ತದೆ. ನಡುವೆ ಕೈ ಬದಲಾಗಿರುವುದಿಲ್ಲ. ನಿಮ್ಮ ಹತ್ತಿರ ಈಗಾಗಲೇ ಸಾಮಾನು ಇಲ್ಲದಿದ್ದರೆ, ಈಗಷ್ಟೇ ಶುರು ಮಾಡುತ್ತಿದ್ದರೆ, ಸುತ್ತಿ ಬಳಸಿ ಹೋಗುವುದಕ್ಕಿಂತ ಇದೇ ವಾಸಿ. ಜಾಗ, ಶಾಯಿ ನಿಮ್ಮ ಕೈಯಲ್ಲಿ ಇರುವುದಿಲ್ಲ ನಿಜ. ಆದರೆ ಫೋಟೋ ನೋಡಿ, ಇಷ್ಟವಾಗದಿದ್ದರೆ ಕೊಳ್ಳದೆ ಬಿಡುವುದು ನಿಮ್ಮ ಕೈಯಲ್ಲಿದೆ.

ಯಾವ ಸಾಮಾನಿಗೆ ಯಾವ ಪೆನ್ನು, ಯಾವ ಜಾಗ

ಜರ್ಸಿಯ ಬಟ್ಟೆ ಸಣ್ಣ ತೂತುಗಳ ಪಾಲಿಯೆಸ್ಟರ್. ಅದರ ಮೇಲೆ ಪೆನ್ನು ಎಡವುತ್ತದೆ, ಶಾಯಿ ಹರಡುತ್ತದೆ. ಬೆನ್ನಿನ ಅಂಕಿಯ ಮೇಲೆ ಹಾಕಿಸಿ, ಅಲ್ಲಿ ನುಣುಪು ಇರುತ್ತದೆ. ತಿಳಿ ಬಣ್ಣದ ಅಂಕಿಗೆ ಕಪ್ಪು ಅಥವಾ ನೀಲಿ ಶಾರ್ಪಿ ಮಾರ್ಕರ್ ಸಾಕು. ಕಡು ಬಣ್ಣಕ್ಕೆ ಬೆಳ್ಳಿಯ ಪೇಂಟ್ ಪೆನ್. ಒಳಗೊಂದು ರಟ್ಟು ಇಟ್ಟು ಎರಡೂ ಕಡೆ ಬಿಗಿಯಾಗಿ ಹಿಡಿಯಿರಿ, ಶಾಯಿ ಹಿಂಬದಿಗೆ ಇಳಿಯುವುದಿಲ್ಲ. ಆದರೆ ಅಂಕಿಯ ಮೇಲೆಯೇ ಹುಲ್ಲಿನ ಕಲೆಯೋ ಹರಿದ ಗುರುತೋ ಇದ್ದರೆ ಅದನ್ನು ಬಿಟ್ಟು ಪಕ್ಕದ ಅಂಕಿಗೆ ಹೋಗಿ. ಸಹಿಗೆಂದು ಜರ್ಸಿಯನ್ನು ಒಗೆಯಲೇಬೇಡಿ. ಹೋದ ಕಲೆ ಮತ್ತೆ ಬರುವುದಿಲ್ಲ.

ಬೇಸ್‌ಬಾಲ್‌ಗೆ ನೀಲಿ ಬಾಲ್‌ಪೆನ್ನೇ ಸರಿ. ಮಾರ್ಕರ್ ಹಾಕಿದರೆ ವರ್ಷ ಕಳೆದಂತೆ ಚರ್ಮದಲ್ಲಿ ಹರಡುತ್ತದೆ. ಪಂದ್ಯದ ಚೆಂಡುಗಳಿಗೆ ಆಟಕ್ಕೆ ಮುಂಚೆ ಡೆಲವೇರ್ ನದಿಯ ಉಪನದಿಯಿಂದ ತೆಗೆದ ವಿಶೇಷ ಕೆಸರನ್ನು ತಿಕ್ಕಿರುತ್ತಾರೆ, ಅದರಿಂದ ಬಿಳುಪು ಕಮ್ಮಿ ಆಗಿರುತ್ತದೆ. ಆ ಕಂದು ಛಾಯೆ ಕೊಳಕಲ್ಲ, ಪಂದ್ಯದ ಗುರುತು. ಒರೆಸಬೇಡಿ. ಹೊಲಿಗೆಗಳು ಹತ್ತಿರ ಬರುವ ಕಿರಿದಾದ ಜಾಗವನ್ನು ‘ಸ್ವೀಟ್ ಸ್ಪಾಟ್’ ಎನ್ನುತ್ತಾರೆ, ಒಬ್ಬರೇ ಸಹಿ ಹಾಕುವುದಾದರೆ ಅಲ್ಲಿ.

ಕೆಂಪು ಕ್ರಿಕೆಟ್ ಚೆಂಡಿನ ಕತೆ ಮೇಲೆ ಹೇಳಿದೆ. ಬಿಳಿ ಚೆಂಡಿಗೆ ಕಪ್ಪು ಅಥವಾ ನೀಲಿ. ಯಾವುದೇ ಆದರೂ ಬಂಗಾರದ ಬಣ್ಣದ ಅಕ್ಷರಗಳ ಅಳಿದುಳಿದ ಭಾಗ ಇದ್ದರೆ ಅದನ್ನು ಬಿಡಿ.

ಕ್ರಿಕೆಟ್ ಬ್ಯಾಟಿನಲ್ಲಿ ಮುಖದ ಮೇಲ್ಭಾಗ ಒಳ್ಳೆಯದು. ಕೆಳಗೆ ಚೆಂಡು ಬಡಿದ ಕೆಂಪು ಗುರುತುಗಳು ಇರುತ್ತವೆ, ಮೇಲೆ ಹಿಡಿಯ ಹತ್ತಿರ ಮರ ಸಾಮಾನ್ಯವಾಗಿ ಖಾಲಿ. ಎಣ್ಣೆ ಹಚ್ಚಿದ ಮರದಲ್ಲಿ ಶಾಯಿ ಒಣಗಲು ಹೊತ್ತು ಹಿಡಿಯುತ್ತದೆ. ಸ್ಟಿಕರ್ ಮೇಲೆ ಮಾತ್ರ ಹಾಕಿಸಬೇಡಿ, ಸ್ಟಿಕರ್ ಕಿತ್ತ ದಿನ ಸಹಿಯೂ ಹೋಗುತ್ತದೆ. ಐಸ್ ಹಾಕಿಯ ಪಕ್‌ಗೆ (ಚೆಂಡಿನ ಬದಲು ಬಳಸುವ ಕಪ್ಪು ರಬ್ಬರ್ ಬಿಲ್ಲೆ) ಬೆಳ್ಳಿಯ ಪೇಂಟ್ ಪೆನ್. ಶೂಗೆ ಹೊರಬದಿಯ ನುಣುಪು ಭಾಗ, ಅಡಿಯ ಮಣ್ಣು ಹಾಗೇ ಇರಲಿ.

ಪೇಂಟ್ ಪೆನ್ನನ್ನು ಸಾಲಿನಲ್ಲಿ ನಿಂತಾಗಲೇ ಚೆನ್ನಾಗಿ ಅಲ್ಲಾಡಿಸಿ, ಬೇರೆ ಕಾಗದದ ಮೇಲೆ ಒತ್ತಿ ಬಣ್ಣ ಇಳಿಸಿಟ್ಟುಕೊಳ್ಳಿ. ಆಟಗಾರರ ಕೈಯಲ್ಲಿ ಮೊದಲ ಸಲ ಒತ್ತಿದರೆ ದೊಡ್ಡ ಹನಿ ಬೀಳುವುದು ಖಂಡಿತ ಎಂದೇ ತಿಳಿಯಿರಿ.

ಸಹಿ ಜೊತೆ ಏನು ಬರೆಸಬೇಕು

ಒಂದೇ ಸಾಲು ಬರೆಸುವ ಅವಕಾಶ ಸಿಕ್ಕರೆ ‘ಗೇಮ್ ಯೂಸ್ಡ್’ ಮತ್ತು ಪಂದ್ಯದ ದಿನಾಂಕ ಬರೆಸಿ. ಆಟಗಾರರೇ ತಮ್ಮ ಕೈಯಲ್ಲಿ ಬರೆದಂತಾಗುತ್ತದೆ. ಆದರೆ ದಿನಾಂಕ ನಿಮಗೆ ಗಟ್ಟಿಯಾಗಿ ಗೊತ್ತಿದ್ದರೆ ಮಾತ್ರ. ತಪ್ಪು ದಿನಾಂಕ ಶಾಯಿಯಲ್ಲಿ ಉಳಿದರೆ ಅಸಲಿ ಸಾಮಾನಿನ ಮೇಲೂ ಅನುಮಾನ ಹುಟ್ಟುತ್ತದೆ. ನಿಮ್ಮ ಹೆಸರು ಬರೆಸುವುದೋ ಬೇಡವೋ ಎನ್ನುವುದು ಮಾರುತ್ತೀರೋ ಇಟ್ಟುಕೊಳ್ಳುತ್ತೀರೋ ಎನ್ನುವುದರ ಮೇಲಿದೆ. ಮಾರುವಾಗ ಹೆಸರಿದ್ದರೆ ಕೊಳ್ಳುವವರು ಕಡಿಮೆ. ಇಟ್ಟುಕೊಳ್ಳುವುದಾದರೆ ಬರೆಸಿ, ಮನಸ್ಸಿಗೆ ಹತ್ತಿರ ಇರುತ್ತದೆ.

ಹೊರಡುವ ಹಿಂದಿನ ದಿನ ಸಾಮಾನಿನ ಎಲ್ಲಾ ಬದಿಯ ಫೋಟೋ ತೆಗೆದಿಡಿ. ಹಗಲಿನ ಬೆಳಕಿನಲ್ಲಿ, ಒಂದೊಂದು ಗುರುತನ್ನೂ ಹತ್ತಿರದಿಂದ. ಸಹಿ ಬೀಳುವ ಮುಂಚೆ ಅದು ಹೇಗಿತ್ತು ಎಂದು ತೋರಿಸಲು ಆಮೇಲೆ ಬೇರೆ ದಾರಿ ಇರುವುದಿಲ್ಲ. ಸಹಿ ಆದ ಮೇಲೆ ಹತ್ತು ನಿಮಿಷವಾದರೂ ಮುಟ್ಟದೆ ಒಣಗಲು ಬಿಡಿ. ಹಿಂದೆ ಸಾಲು ದೊಡ್ಡದಿದ್ದರೆ ಪಕ್ಕಕ್ಕೆ ಸರಿದು ನಿಲ್ಲಿ, ಸಹಿಯ ಮುಖ ಮೇಲೆ ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡಿರಿ. ಚೀಲದೊಳಗೆ ಹಾಕುವುದು ಆಮೇಲೆ. ಮನೆಯಲ್ಲಿ ಬಿಸಿಲು ನೇರ ಬೀಳದ ಗೋಡೆ ಹುಡುಕಿ ಇಡಿ.